ಹೊರಗೆ ಹೋದಷ್ಟು ನೀರು ಒಳಗೆ ಹೋಗಬೇಕು: ಮನೆಯಲ್ಲಿ ಕಾಲರಾ ಬಂದಾಗ ನನ್ನ ಅನುಭವ

ಅಮ್ಮ ಮೊದಲ ಸಲ ಎದ್ದು ಹೋದಾಗ ರಾತ್ರಿ ಹನ್ನೊಂದು ಗಂಟೆ. ಒಂದು ಗಂಟೆ ಆಗುವಷ್ಟರಲ್ಲಿ ಆರು ಸಲ ಆಗಿತ್ತು. ಜ್ವರ ಇಲ್ಲ, ಹೊಟ್ಟೆನೋವು ಅಂತಲೂ ಹೇಳಲಿಲ್ಲ, ಬರೀ ನೀರು. ನಾಲ್ಕನೇ ಸಲಕ್ಕೆ ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ಬಂದಿತ್ತು. ಅಕ್ಕಪಕ್ಕದ ಎರಡು ಮನೆಗಳಲ್ಲಿ ಆಗಲೇ ವಾಂತಿ-ಭೇದಿ ಇತ್ತು, ಹಾಗಾಗಿ ಕಾಲರಾನೇ ಇರಬೇಕು ಅಂತ ನನಗೆ ಅನಿಸಿತು.

ಮನೆಯಲ್ಲಿ ಓಆರ್‌ಎಸ್ ಪ್ಯಾಕೆಟ್ ಇತ್ತು, ನೀರಿಗೆ ಕಲಸಿ ಕುಡಿಯುವ ಉಪ್ಪು-ಸಕ್ಕರೆ ಪುಡಿ. ಗಾಬರಿಯಲ್ಲಿ ಅದನ್ನು ಒಂದು ಲೋಟ ನೀರಿಗೆ ಸುರಿದು ಕೊಟ್ಟೆ. ಅಮ್ಮ ಒಂದು ಗುಟುಕು ಕುಡಿದು, "ಕಟು ಉಪ್ಪು ಕಣೇ" ಅಂದರು. ಪರಿಚಯದ ನರ್ಸ್ ಅಕ್ಕನಿಗೆ ಫೋನ್ ಮಾಡಿದೆ. "ಮೊದಲು ಅದನ್ನ ಚೆಲ್ಲು. ಅದು 1 ಲೀಟರ್ ನೀರಿಗೆ ಹಾಕೋದು. ಹೀಗೆ ಗಟ್ಟಿಯಾಗಿ ಕೊಟ್ಟರೆ ಭೇದಿ ಇನ್ನೂ ಜಾಸ್ತಿ ಆಗುತ್ತೆ" ಅಂದರು. ದಯವಿಟ್ಟು ಪ್ಯಾಕೆಟ್ ಮೇಲೆ ಬರೆದಿರೋದನ್ನು ಓದಿ, ಅಳತೆಯ ಬಾಟಲಿ ಒಂದು ಇಟ್ಟುಕೊಳ್ಳಿ. ಪ್ಯಾಕೆಟ್ ಇಲ್ಲದಿದ್ದರೆ 1 ಲೀಟರ್ ಶುದ್ಧ ನೀರಿಗೆ ತಲೆ ಸವರಿದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಇದರಲ್ಲಿ ಅಂದಾಜು ನಡೆಯಲ್ಲ. ಉಪ್ಪು ಜಾಸ್ತಿಯಾದರೆ ಅಪಾಯ. ಕಲಸಿದ್ದನ್ನು 24 ಗಂಟೆ ಆದಮೇಲೆ ಚೆಲ್ಲಿ ಹೊಸದು ಮಾಡಬೇಕು.

ಸಕ್ಕರೆ ರುಚಿಗೆ ಅಂತ ನಾನು ಅಂದುಕೊಂಡಿದ್ದೆ, ಅದು ತಪ್ಪು. ಕಾಲರಾದ ವಿಷ ಕರುಳಿನಿಂದ ಉಪ್ಪು-ನೀರು ಸೋರುವ ಹಾಗೆ ಮಾಡುತ್ತೆ. ಆದರೆ ಸಕ್ಕರೆ ಜೊತೆಗಿದ್ದರೆ ಉಪ್ಪನ್ನು ಒಳಗೆ ಎಳೆದುಕೊಳ್ಳುವ ಶಕ್ತಿ ಕರುಳಿಗೆ ಆಗಲೂ ಇರುತ್ತೆ, ಉಪ್ಪಿನ ಹಿಂದೆಯೇ ನೀರೂ ಹೋಗುತ್ತೆ. 1971ರಲ್ಲಿ, ಬಾಂಗ್ಲಾದೇಶ ಯುದ್ಧದ ಹೊತ್ತಲ್ಲಿ, ಪಶ್ಚಿಮ ಬಂಗಾಳದ ಬಂಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡ್ರಿಪ್ ಬಾಟಲಿ ಸಾಲದೆ ಬಂದಾಗ ಡಾ. ದಿಲೀಪ್ ಮಹಾಲನಬಿಸ್ ಇದೇ ಉಪ್ಪು-ಸಕ್ಕರೆ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಕೊಟ್ಟರು. ನೂರಕ್ಕೆ 30ರ ಆಸುಪಾಸಿನಲ್ಲಿದ್ದ ಸಾವು 4ಕ್ಕಿಂತ ಕೆಳಗೆ ಬಂತು. ಅಲ್ಲಿ ಕುಡಿಸುತ್ತಾ ಕೂತಿದ್ದವರು ಹೆಚ್ಚಾಗಿ ರೋಗಿಗಳ ಮನೆಯವರೇ. ನರ್ಸ್ ಅಕ್ಕ ಇದನ್ನು ಹೇಳಿದ ಮೇಲೆ ನನ್ನ ಕೈ ನಡುಕ ಸ್ವಲ್ಪ ಕಡಿಮೆಯಾಯ್ತು.

ಎಷ್ಟು ಕುಡಿಸಬೇಕು? ನೀರು ಕಡಿಮೆಯಾಗಿರುವ ಲಕ್ಷಣ ಕಂಡರೆ ಮೊದಲ 4 ಗಂಟೆಯಲ್ಲಿ ಕೆಜಿ ತೂಕಕ್ಕೆ 75 ಮಿ.ಲೀ. ಅಮ್ಮ 50 ಕೆಜಿ, ಅಂದರೆ ಹತ್ತಿರ ಹತ್ತಿರ 4 ಲೀಟರ್. ಕೇಳಿ ಎದೆ ಧಸಕ್ಕೆಂದಿತು. ಎರಡು ಗುಟುಕು ಕುಡಿದು ವಾಂತಿ ಮಾಡುತ್ತಿರುವವರಿಗೆ ನಾಲ್ಕು ಲೀಟರ್ ಹೇಗೆ ಕುಡಿಸೋದು? ಲೋಟ ಬಿಟ್ಟು ಚಮಚ ಹಿಡಿದೆ. ವಾಂತಿ ಆದರೆ 10 ನಿಮಿಷ ಸುಮ್ನೆ ಬಿಡೋದು, ಆಮೇಲೆ ನಿಮಿಷಕ್ಕೊಂದು ಚಮಚದಂತೆ ಶುರು ಮಾಡೋದು. ವಾಂತಿಯಲ್ಲಿ ಒಂದಷ್ಟು ಹೋದರೂ ಉಳಿದದ್ದು ಒಳಗೇ ಇರುತ್ತೆ. ಒಂದೂವರೆ ಗಂಟೆ ಚಮಚದಲ್ಲೇ ಕೊಟ್ಟೆ. ಆಮೇಲೆ ಅಮ್ಮನೇ ಲೋಟ ಕೇಳಿದರು.

ಒಂದು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಮಾಡಿ, ಒಂದು ಕಡೆ ಒಳಗೆ ಹೋಗಿದ್ದು, ಇನ್ನೊಂದು ಕಡೆ ಹೊರಗೆ ಹೋಗಿದ್ದು, ಸಮಯದ ಸಮೇತ ಬರೆದೆ. ನಿದ್ದೆಗಣ್ಣಲ್ಲಿ ನೆನಪನ್ನು ನಂಬೋಕಾಗಲ್ಲ, ಅಲ್ವಾ? ಅರ್ಧ ಗಂಟೆಗೊಮ್ಮೆ ಹೊಟ್ಟೆಯ ಚರ್ಮ ಚಿವುಟಿ ಬಿಡುತ್ತಿದ್ದೆ. ಮೊದಲಿಗೆ ಮಡಿಕೆ ಹಾಗೇ ನಿಂತು ನಿಧಾನಕ್ಕೆ ಇಳಿಯುತ್ತಿತ್ತು, ಬೆಳಗಿನ ಜಾವಕ್ಕೆ ಥಟ್ಟನೆ ಇಳಿಯತೊಡಗಿತು. 5.20ಕ್ಕೆ "ಮೂತ್ರ ಹೋಯಿತು" ಅಂತ ಬರೆದಿದ್ದೇನೆ. ಅದರ ಸುತ್ತ ಎರಡು ಗೆರೆ ಎಳೆದಿದ್ದೇನೆ.

ಬೆಳಿಗ್ಗೆ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮಲ ಪರೀಕ್ಷೆಗೆ ತಗೊಂಡರು, ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯಾಟಿಕ್ ಒಂದೇ ಡೋಸ್ ಕೊಟ್ಟು, ಓಆರ್‌ಎಸ್ ಮುಂದುವರಿಸಿ ಅಂತ ಮನೆಗೆ ಕಳಿಸಿದರು. ಎರಡು ದಿನದ ಮೇಲೆ ವರದಿಯಲ್ಲಿ ಕಾಲರಾ ಅಂತಲೇ ಬಂತು. ಭೇದಿ ನಿಲ್ಲಿಸುವ ಮಾತ್ರೆಯನ್ನು ಕೊಡಲೇಬೇಡಿ ಅಂತ ಒತ್ತಿ ಹೇಳಿದರು. ಊಟವನ್ನೂ ನಿಲ್ಲಿಸಬಾರದಂತೆ, ವಾಂತಿ ನಿಂತ ಕೂಡಲೇ ಸ್ವಲ್ಪ ಸ್ವಲ್ಪ ಕೊಡಬೇಕಂತೆ. ಎದೆಹಾಲು ಕುಡಿಯೋ ಮಗುವಿಗೆ ಹಾಲು ಯಾವತ್ತೂ ಬಿಡಿಸಬಾರದು. ಆರು ತಿಂಗಳು ದಾಟಿದ ಮಕ್ಕಳಿಗೆ ದಿನಕ್ಕೆ 20 ಮಿ.ಗ್ರಾಂ ಜಿಂಕ್ 10ರಿಂದ 14 ದಿನ ಕೊಡುತ್ತಾರೆ.

ಇಷ್ಟೆಲ್ಲ ಮಾಡಿದ ನಾನು ಒಂದು ಕಡೆ ಎಡವಿದೆ. ಅಮ್ಮನ ಬಕೆಟ್ ತೊಳೆದು ಬಂದ ಅವಸರದಲ್ಲಿ, ಸೋಪು ಹಾಕದ ಕೈಯಲ್ಲೇ ಕುಡಿಯುವ ನೀರಿನ ಪಾತ್ರೆಗೆ ಲೋಟ ಅದ್ದಿದೆ. ಬೆರಳ ತುದಿ ನೀರಿಗೆ ತಾಗಿದ್ದು ಈಗಲೂ ಕಣ್ಣ ಮುಂದಿದೆ. ಮೂರನೇ ದಿನ ಅಪ್ಪನಿಗೆ ಶುರುವಾಯ್ತು. ರೋಗಾಣು ಒಳಗೆ ಹೋದ ಮೇಲೆ ಕೆಲವು ಗಂಟೆಯಿಂದ 5 ದಿನದೊಳಗೆ ಕಾಣಿಸಿಕೊಳ್ಳುತ್ತೆ. ನನ್ನ ಕೈಯಿಂದಲೇ ಬಂತು ಅಂತ ಖಚಿತವಾಗಿ ಹೇಳೋಕಾಗಲ್ಲ, ಆದರೆ ಆ ಸಂಕಟ ಹೋಗಿಲ್ಲ.

ಅಪ್ಪನದು ಬೇರೆ ಥರ. ಮೂರು ಗಂಟೆಯಲ್ಲಿ ಕಣ್ಣು ಗುಳಿಬಿತ್ತು, ಕಾಲು ಹಿಡಿದುಕೊಂಡಿತು, ಕರೆದರೆ "ಹ್ಞೂಂ" ಅನ್ನೋದಕ್ಕೂ ಆಗುತ್ತಿರಲಿಲ್ಲ. ಮಣಿಕಟ್ಟಿನಲ್ಲಿ ನಾಡಿ ಹುಡುಕಿದರೆ ಸಿಗಲಿಲ್ಲ. ಇಂಥ ಹೊತ್ತಲ್ಲಿ ಮನೆಯಲ್ಲಿ ಕೂತು ಚಮಚ ಹಿಡಿಯಬಾರದು, ಮಂಪರಿನಲ್ಲಿ ಇರುವವರ ಬಾಯಿಗೆ ಏನೂ ಹಾಕಲೂಬಾರದು. ತಕ್ಷಣ ಕರೆದುಕೊಂಡು ಹೋದೆವು, ರಿಂಗರ್ ಲ್ಯಾಕ್ಟೇಟ್ ಅನ್ನೋ ಲವಣದ ದ್ರಾವಣದ ಡ್ರಿಪ್ ಹಾಕಿದರು. ಮಾರನೇ ದಿನ ಎದ್ದು ಕೂತರು. ಕೊಟ್ಟದ್ದು ಕುಡಿಯೋಕಾಗದಿದ್ದರೆ, ವಾಂತಿ ನಿಲ್ಲದಿದ್ದರೆ, ಆರು ಗಂಟೆ ಮೂತ್ರವೇ ಹೋಗದಿದ್ದರೆ, ಮಂಪರು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಜೋರು ಕಾಲರಾದಲ್ಲಿ ಗಂಟೆಗೆ ಒಂದು ಲೀಟರ್ ತನಕ ನೀರು ಹೋಗಬಹುದು.

ಅವತ್ತಿನಿಂದ ಮನೆಯ ರೀತಿಯನ್ನೇ ಬದಲಾಯಿಸಿದೆ. ಕುಡಿಯುವ ನೀರನ್ನು ಕೊತಕೊತ ಕುದಿಸಿ, ಒಂದು ನಿಮಿಷ ಹಾಗೇ ಕುದಿಯೋಕೆ ಬಿಟ್ಟು, ಕೈ ತೂರದಂಥ ಸಣ್ಣ ಬಾಯಿಯ ಪಾತ್ರೆಗೆ ತುಂಬಿ ಮುಚ್ಚಿಟ್ಟೆ. ಬಗ್ಗಿಸಿ ಸುರಿದುಕೊಳ್ಳೋದು ಮಾತ್ರ, ಲೋಟ ಅದ್ದೋ ಹಾಗಿಲ್ಲ. ರೋಗಿಗೆ ಅವರದೇ ಬಕೆಟ್, ಲೋಟ, ಟವೆಲ್. ಬಟ್ಟೆಯನ್ನು ಕುದಿಯುವ ನೀರಲ್ಲಿ ಐದು ನಿಮಿಷ ಹಾಕಿ ಆಮೇಲೆ ಒಗೆಯೋದು. 5% ಕ್ಲೋರಿನ್ ಇರುವ ಬ್ಲೀಚ್ ದ್ರಾವಣ ಒಂದು ಪಾಲಿಗೆ ಒಂಬತ್ತು ಪಾಲು ನೀರು ಸೇರಿಸಿ ನೆಲ, ಬಕೆಟ್, ಶೌಚಾಲಯಕ್ಕೆ ಹಾಕಿ ಹತ್ತು ನಿಮಿಷ ಬಿಟ್ಟು ತೊಳೆಯುತ್ತಿದ್ದೆ. ಕಿಟಕಿ ತೆರೆದಿರಲಿ, ಗ್ಲೌಸ್ ಇರಲಿ, ಆಸಿಡ್ ಜೊತೆ ಮಾತ್ರ ಬೆರೆಸಲೇಬೇಡಿ, ವಿಷದ ಗಾಳಿ ಬರುತ್ತೆ. ಅಡುಗೆಗೆ ತಂಗಿಯನ್ನು ನಿಲ್ಲಿಸಿದೆ. ರೋಗಿಯನ್ನು ನೋಡಿಕೊಳ್ಳೋರು ಅಡುಗೆಮನೆಗೆ ಕಾಲಿಡದಿದ್ದರೆ ಅರ್ಧ ಗೆದ್ದ ಹಾಗೆ.

ಭೇದಿ ನಿಂತ ಮೇಲೂ ಮಲದಲ್ಲಿ ರೋಗಾಣು 10 ದಿನದ ತನಕ ಇರಬಹುದು. ಹಾಗಾಗಿ ಅಪ್ಪ "ನಾನು ಸರಿಹೋದೆ, ನನ್ನ ಹಳೇ ಲೋಟ ಕೊಡಮ್ಮ" ಅಂತ ನಾಲ್ಕನೇ ದಿನದಿಂದಲೇ ಕೇಳುತ್ತಿದ್ದರೂ ಹನ್ನೊಂದನೇ ದಿನದ ತನಕ ಕೊಡಲಿಲ್ಲ. ತಂಗಿಗಾಗಲಿ ನನಗಾಗಲಿ ಬರಲಿಲ್ಲ.