ಕನೆಕ್ಷನ್ ಸರಿಯಿದ್ದೂ ಕನ್ನಡ ಕೆಟ್ಟಾಗ

ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಹಳೇ ತಾಣವೊಂದನ್ನು ಮೈಎಸ್‌ಕ್ಯುಎಲ್ ಡೇಟಾಬೇಸ್‌ನ 5.6 ಆವೃತ್ತಿಯಿಂದ 8.0ಕ್ಕೆ ಸಾಗಿಸುವ ಕೆಲಸ ನನ್ನ ಪಾಲಿಗೆ ಬಂತು. ಒಳಗೆ ವರ್ಷಗಟ್ಟಲೆ ಸೇರಿದ್ದ ಕನ್ನಡ ಲೇಖನಗಳು. ಹೋಸ್ಟ್, ಪಾಸ್‌ವರ್ಡ್, ಪೋರ್ಟ್ 3306 ಎಲ್ಲ ಸರಿ, ಕನೆಕ್ಷನ್ ಒಂದೇ ಏಟಿಗೆ ಆಯಿತು. ಪುಟ ತೆರೆದರೆ ಒಂದಕ್ಷರ ಕನ್ನಡವಿಲ್ಲ. ತಲೆಯ ಮೇಲೆ ಓರೆಗೆರೆ ಹೊತ್ತ ಇಂಗ್ಲಿಷ್ 'ಎ', ಅದರ ಪಕ್ಕ ಪುಟ್ಟ 2 ಅಥವಾ ಪುಟ್ಟ 3, ಆಮೇಲೆ ಏನೋ ಒಂದು ಚಿಹ್ನೆ; ಸಾಲಿಗೆ ಸಾಲು ಇದೇ.

ಯುನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ವಿಧಾನ ಯುಟಿಎಫ್-8. ಅದರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ಹೆಕ್ಸ್‌ನಲ್ಲಿ, ಅಂದರೆ ಹದಿನಾರರ ಎಣಿಕೆಯಲ್ಲಿ, 'ಕ' ಅಂದರೆ ಇ0, ಬಿ2, 95. ಹಳೇ ಟೇಬಲ್‌ಗಳು ಒಂದು ಬೈಟಿಗೆ ಒಂದೇ ಅಕ್ಷರ ಎನ್ನುವ ಲ್ಯಾಟಿನ್1, ಕನೆಕ್ಷನ್ ಕೂಡ ಲ್ಯಾಟಿನ್1. ಆ ಮೂರು ಬೈಟನ್ನು ಮೂರು ಬೇರೆ ಅಕ್ಷರ ಅಂತ ತಿಳಿದು ಡೇಟಾಬೇಸ್ ಇಟ್ಟುಕೊಳ್ಳುತ್ತಿತ್ತು, ಕೇಳಿದಾಗ ಹಾಗೇ ವಾಪಸ್ ಕೊಡುತ್ತಿತ್ತು, ಬ್ರೌಸರ್ ಅದನ್ನು ಕನ್ನಡವಾಗಿ ಓದಿಕೊಳ್ಳುತ್ತಿತ್ತು. ಎರಡು ತಪ್ಪು ಸೇರಿ ಸರಿ ಕಾಣುತ್ತಿತ್ತು, ಅಷ್ಟೆ. ಸುಳಿವೇನೋ ಮೊದಲಿಂದಲೂ ಇತ್ತು: ಮುಖಪುಟದ ಸಾರಾಂಶಗಳ ಕೊನೆಯಲ್ಲಿ ಕಪ್ಪು ವಜ್ರದೊಳಗೊಂದು ಪ್ರಶ್ನಾರ್ಥಕ ಚಿಹ್ನೆ. 200 ಅಕ್ಷರಕ್ಕೆ ಕತ್ತರಿಸು ಅಂದರೆ ಡೇಟಾಬೇಸ್ 200 ಬೈಟಿಗೆ ಕತ್ತರಿಸುತ್ತಿತ್ತು, 200 ಮೂರರಿಂದ ಭಾಗವಾಗುವುದಿಲ್ಲ.

8.0ರ ಡಿಫಾಲ್ಟ್ ಯುಟಿಎಫ್8ಎಂಬಿ4, ಮೈಎಸ್‌ಕ್ಯುಎಲ್‌ನಲ್ಲಿ ಪೂರ್ತಿ ಯುಟಿಎಫ್-8ಕ್ಕೆ ಇರುವ ಹೆಸರು. ಹಿಂದಿನವರು ಕೋಡ್‌ನಲ್ಲಿ ಚಾರ್‌ಸೆಟ್ (ಯಾವ ಅಕ್ಷರ ಸಂಕೇತ ಎಂಬುದನ್ನು) ಬರೆದೇ ಇರಲಿಲ್ಲ, ಹಾಗಾಗಿ ಕನೆಕ್ಷನ್ ಸರ್ವರ್‌ನ ಡಿಫಾಲ್ಟನ್ನೇ ಹಿಡಿಯಿತು. ಲ್ಯಾಟಿನ್1 ಅಕ್ಷರಗಳನ್ನು ಯುಟಿಎಫ್-8ಕ್ಕೆ ಬದಲಿಸಿ ಕೊಡುವುದು ಸರ್ವರ್‌ನ ಧರ್ಮ, ಅದು ತನ್ನ ಕೆಲಸ ಮಾಡಿತು; ಒಂದೊಂದು ಬೈಟೂ ಒಂದೊಂದು ಅಕ್ಷರವಾಗಿ ಪುಟಕ್ಕೆ ಬಂತು.

ಇಲ್ಲಿ ಗಾಬರಿಬಿದ್ದು ಟೇಬಲ್ ಕನ್ವರ್ಟ್ ಮಾಡಬಾರದು. ನಾನು ಮೊದಲು ತಾಣಕ್ಕೆ ಹೊಸದೇನೂ ಸೇರದಂತೆ ನಿಲ್ಲಿಸಿ, ಬ್ಯಾಕಪ್ ತೆಗೆದು, ಒಂದೊಂದೇ ಸಾಲನ್ನು ಒಳಗಿನ ಬೈಟ್‌ಗಳನ್ನೇ ತೋರಿಸುವ ಹೆಕ್ಸ್ ಫಂಕ್ಷನ್‌ನಲ್ಲಿ ನೋಡಿದೆ. ಇ0ಬಿ2, ಇ0ಬಿ3 ಕಂಡರೆ ಒಳಗಿರುವುದು ಅಪ್ಪಟ ಕನ್ನಡ. ಸಿ3ಎ0 ಕಂಡರೆ ಎರಡು ಸಲ ಎನ್‌ಕೋಡ್ ಆಗಿದೆ, ಬಿಡಿಸಬಹುದು. ಬರೀ 3ಎಫ್ ಕಂಡರೆ ಅದು ನಿಜವಾದ ಪ್ರಶ್ನಾರ್ಥಕ ಚಿಹ್ನೆ. ಕನ್ನಡ ಹೋಯಿತು, ಯಾವ ಕಮಾಂಡೂ ತರಲಾರದು. ನೋಡಲು ಭಯಂಕರವಾಗಿ ಕಾಣುವ ಗೋಜಲೇ ವಾಸಿ!

ಹೆಚ್ಚಿನವು ಮೊದಲ ಬಗೆಯವು. ಲೇಖನದ ಕಾಲಂ ಅನ್ನು ಮೊದಲು ಮೀಡಿಯಂಬ್ಲಾಬ್ (ಬರೀ ಬೈಟ್‌ಗಳನ್ನು ಇಡುವ ಬಗೆ) ಮಾಡಿ, ಆಮೇಲೆ ಯುಟಿಎಫ್8ಎಂಬಿ4ರ ಮೀಡಿಯಂಟೆಕ್ಸ್ಟ್ ಮಾಡಿದೆ. ಬ್ಲಾಬ್‌ಗೆ ಅಕ್ಷರದ ಗೊಡವೆಯಿಲ್ಲ, ಬೈಟ್‌ಗಳು ಹಾಗೇ ಉಳಿದು ಕೊನೆಗೆ ಸರಿಯಾದ ಹಣೆಪಟ್ಟಿ ಬೀಳುತ್ತದೆ. ಶೀರ್ಷಿಕೆಗಳಿಗೆ ಬ್ಲಾಬ್ ಬದಲು ವಾರ್‌ಬೈನರಿ, ಅದೂ ಬರೀ ಬೈಟ್‌ಗಳದ್ದೇ. ಪದ ಹುಡುಕಲು ಮಾಡಿಟ್ಟ ಫುಲ್‌ಟೆಕ್ಸ್ಟ್ ಇಂಡೆಕ್ಸ್ ಇದ್ದರೆ ಮೊದಲೇ ತೆಗೆಯಬೇಕು.

ಆಮೇಲೆ ಕನೆಕ್ಟ್ ಆದ ಮರುಸಾಲಲ್ಲೇ ಪಿಎಚ್‌ಪಿಯ ಸೆಟ್_ಚಾರ್‌ಸೆಟ್ ಫಂಕ್ಷನ್ ಕರೆದು ಯುಟಿಎಫ್8ಎಂಬಿ4 ಅಂತ ಕೊಟ್ಟೆ. ಇದರ ಬದಲು 'ಸೆಟ್ ನೇಮ್ಸ್' ಕ್ವೆರಿ ಓಡಿಸುವವರೂ ಇದ್ದಾರೆ. ಆಗ ಸರ್ವರ್‌ಗೆ ಗೊತ್ತಾಗುತ್ತದೆ, ಕ್ವೆರಿಯೊಳಗಿನ ಅಪಾಯದ ಚಿಹ್ನೆಗಳನ್ನು ಪಳಗಿಸುವ ಪಿಎಚ್‌ಪಿಯ ಎಸ್ಕೇಪ್ ಫಂಕ್ಷನ್‌ಗೆ ಗೊತ್ತಾಗುವುದಿಲ್ಲ. ಪಿಡಿಒ (ಪಿಎಚ್‌ಪಿಯಿಂದ ಡೇಟಾಬೇಸ್ ತಲುಪುವ ಇನ್ನೊಂದು ದಾರಿ) ಬಳಸುವವರು ಚಾರ್‌ಸೆಟ್ಟನ್ನು ಡಿಎಸ್‌ಎನ್‌ನಲ್ಲೇ, ಅಂದರೆ ಕನೆಕ್ಷನ್ ವಿವರದ ಸಾಲಲ್ಲೇ ಬರೆಯಲಿ. ಬರೀ ಯುಟಿಎಫ್8 ಸಾಕಲ್ಲವೇ ಅಂದರೆ, ಮೈಎಸ್‌ಕ್ಯುಎಲ್‌ನ ಆ ಹಳೇ ಯುಟಿಎಫ್8 ಮೂರು ಬೈಟ್‌ವರೆಗೆ ಮಾತ್ರ. ಕನ್ನಡಕ್ಕೆ ಸಾಕು, ಓದುಗರು ಹಾಕುವ ಎಮೋಜಿಗೆ ನಾಲ್ಕು ಬೇಕು.

ಇಡಲಾಗದ ಡೇಟಾ ಬಂದರೆ ಎರರ್ ಕೊಡುವ ಸ್ಟ್ರಿಕ್ಟ್ ಮೋಡ್ ಅನ್ನೂ ಆನ್ ಮಾಡಿಟ್ಟೆ. ಅದು ಆಫ್ ಆಗಿದ್ದರಿಂದಲೇ, ಸರ್ವರ್ ಬದಲಾದ ಮೇಲೆ ಸೇರಿಸಿದ ಕೆಲವು ಲೇಖನಗಳು ಎರರ್ ಕೂಡ ಬರದೆ 3ಎಫ್ ಆಗಿದ್ದವು. ಅವನ್ನು ಬರೆದವರಿಂದಲೇ ಮತ್ತೆ ತರಿಸಿಕೊಂಡೆ. ಕೆಲವರು ಕಳಿಸಿದ್ದು 'ನುಡಿ' ತಂತ್ರಾಂಶದ, ಯುನಿಕೋಡ್ ಅಲ್ಲದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ ಕಡತ. ಅದನ್ನು ಯುನಿಕೋಡ್‌ಗೆ ತಿರುಗಿಸಿ, ಒತ್ತಕ್ಷರಗಳನ್ನು ಕೈಯಾರೆ ತಿದ್ದಿ ಏರಿಸಬೇಕಾಯಿತು.