ಹಿಟ್ಟು ತಿಗಣೆ ಬಂತಾ? ಒಂದು ಸಲ ಹೊಡೆದು ಸುಮ್ಮನಾಗಬೇಡಿ

"ಅಕ್ಕ, ಬೇವಿನೆಣ್ಣೆ ಹೊಡೆದೆ, ಒಂದು ಹುಳವೂ ಸಾಯಲಿಲ್ಲ." ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರಾದರೊಬ್ಬರು ಹೀಗೆ ಹೇಳಿಕೊಂಡು ಬರುತ್ತಲೇ ಇರುತ್ತಾರೆ. ಎಷ್ಟು ಸಲ ಹೊಡೆದಿರಿ ಅಂತ ಕೇಳಿದರೆ ಒಂದೇ ಸಲ. ಎಲ್ಲಿಗೆ ಅಂದರೆ ಎಲೆಯ ಮೇಲೆ. ಯಾವಾಗ ಅಂದರೆ ಭಾನುವಾರ ಮಧ್ಯಾಹ್ನ, ಬಿಡುವಾದಾಗ. ಮೂರೂ ತಪ್ಪು. ಪಾಪ, ಎಣ್ಣೆಯನ್ನು ಬೈದು ಏನು ಪ್ರಯೋಜನ?

ಮನೆಯಲ್ಲಿ ಮೂರು ನಾಲ್ಕು ಗಿಡ ಇದ್ದರೆ ಹೇಗೋ ನಡೆದುಹೋಗುತ್ತದೆ. ಮೂವತ್ತು ನಲವತ್ತು ಆದಮೇಲೆ ಲೆಕ್ಕವೇ ಬೇರೆ. ಕಿಟಕಿ ಹತ್ತಿರ ಜಾಗ ಸಾಲದೆ ಎಲೆಗೆ ಎಲೆ ತಾಗಿಸಿ ಇಟ್ಟಿರುತ್ತೇವೆ. ಹಿಟ್ಟು ತಿಗಣೆಯ (ಇಂಗ್ಲಿಷಿನಲ್ಲಿ ಮೀಲಿಬಗ್) ಮರಿಹುಳಗಳು ಅದೇ ದಾರಿ ಹಿಡಿದು ಒಂದು ಗಿಡದಿಂದ ಇನ್ನೊಂದಕ್ಕೆ ನಡೆದು ಹೋಗುತ್ತವೆ. ಹಾಗಾಗಿ ಗಿಡ ಜಾಸ್ತಿ ಇರುವವರು ಕೆಲಸವನ್ನು ಒಂದು ಕ್ರಮದಲ್ಲಿ ಮಾಡಬೇಕು.

ಮೊದಲು: ಹೊಸ ಗಿಡಕ್ಕೆ ಬೇರೆ ಜಾಗ

ಜನವರಿ ಮತ್ತು ಆಗಸ್ಟ್‌ನಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ಮುಗಿಸಿ ಬರುವಾಗ ಕೈಯಲ್ಲಿ ಒಂದಾದರೂ ಗಿಡ ಇಲ್ಲದೆ ಬರುವವರು ಕಡಿಮೆ. ಪಕ್ಕದ ಸಿದ್ದಾಪುರದ ನರ್ಸರಿಗಳಿಗೆ ಹೊಕ್ಕರಂತೂ ಮುಗಿಯಿತು. ತನ್ನಿ, ಬೇಡ ಅನ್ನುವುದಿಲ್ಲ. ಆದರೆ ಬಂದ ಗಿಡ ನೇರ ಹಾಲ್‌ಗೆ ಹೋಗಬಾರದು. ಮೂರು ನಾಲ್ಕು ವಾರ ಬೇರೆ ಕೋಣೆಯಲ್ಲಿ, ಬೇರೆ ಗಿಡಗಳಿಂದ ದೂರ ಇರಲಿ. ಕೊಳ್ಳುವಾಗಲೇ ಎಲೆ ಮಗುಚಿ ನೋಡಿ, ಕುಂಡದ ತಳದ ತೂತು ನೋಡಿ. ನರ್ಸರಿಯವರು ಮುಖ ಗಂಟಿಕ್ಕಿದರೆ ಗಂಟಿಕ್ಕಲಿ.

ಸ್ನೇಹಿತರು ಪ್ರೀತಿಯಿಂದ ಕೊಟ್ಟ ಮನಿ ಪ್ಲಾಂಟ್ ಬಳ್ಳಿಗೂ ಇದೇ ನಿಯಮ. ಪ್ರೀತಿಯ ಜೊತೆ ಹುಳವೂ ಬರುತ್ತದೆ.

ಆಮೇಲೆ: ನೀರು

ಇದು ಸುಲಭ, ಆದರೂ ಹೇಳಲೇಬೇಕು. ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ. ಒದ್ದೆ ಇದ್ದರೆ ನೀರು ಬೇಡ. ಸ್ನೇಕ್ ಪ್ಲಾಂಟ್, ಝೀಝೀ ಪ್ಲಾಂಟಿನ ಮಣ್ಣು ಪೂರ್ತಿ ಒಣಗಲಿ. ಪೀಸ್ ಲಿಲಿ, ಕ್ಯಾಲಥಿಯಾ ಅಷ್ಟು ಕಾಯುವುದಿಲ್ಲ. ಒಂದೇ ಥರ ನೀರು ಬೇಕಾದ ಗಿಡಗಳನ್ನು ಒಂದು ಕಡೆ ಜೋಡಿಸಿ, ಅರ್ಧ ತಲೆನೋವು ಕಡಿಮೆಯಾಗುತ್ತದೆ. "ಸೋಮವಾರ ಎಲ್ಲಕ್ಕೂ ಒಂದೊಂದು ಲೋಟ" ಅನ್ನುವ ಪದ್ಧತಿ ಮಾತ್ರ ಬಿಟ್ಟುಬಿಡಿ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿ. ಇಲ್ಲದಿದ್ದರೆ ಬೇರು ಕೊಳೆಯುತ್ತದೆ, ಸೊಳ್ಳೆಯೂ ಮೊಟ್ಟೆ ಇಡುತ್ತದೆ.

ಮಣ್ಣಿನ ಮೇಲೆ ಹಾರಾಡುವ ಚಿಕ್ಕ ಕಪ್ಪು ನೊಣಗಳಿಗೂ ಇಲ್ಲೇ ಔಷಧ ಇದೆ. ಅವುಗಳ ಮರಿಗಳು ಹೆಚ್ಚಾಗಿ ಮಣ್ಣಿನ ಮೇಲ್ಪದರದಲ್ಲೇ ಇರುತ್ತವೆ. ಮೇಲಿನ ಎರಡು ಮೂರು ಸೆಂಟಿಮೀಟರ್ ಒಣಗಲು ಬಿಟ್ಟರೆ ಸಾಯುತ್ತವೆ. ಹಾರುವ ನೊಣಕ್ಕೆ ಹಳದಿ ಅಂಟು ಹಾಳೆ ಸಾಕು. ಅದು ಸಿಗದಿದ್ದರೆ ಹಳದಿ ರಟ್ಟಿಗೆ ಹರಳೆಣ್ಣೆ ಸವರಿ ಕುಂಡದಲ್ಲಿ ಸಿಕ್ಕಿಸಿ. ಮಳೆಗಾಲದಲ್ಲಿ, ಅದರಲ್ಲೂ ಬರೀ ತೆಂಗಿನ ನಾರಿನ ಪುಡಿ ತುಂಬಿದ ಕುಂಡಗಳಲ್ಲಿ ಈ ಕಾಟ ಜಾಸ್ತಿ. ನನ್ನ ಮಟ್ಟಿಗೆ ಬರೀ ಕೊಕೊಪೀಟ್‌ನಲ್ಲಿ ಮನೆಯೊಳಗಿನ ಗಿಡ ನೆಡಲೇಬಾರದು. ಕೆಮ್ಮಣ್ಣು, ಎರೆಗೊಬ್ಬರ, ಕೊಕೊಪೀಟ್, ಸ್ವಲ್ಪ ದಪ್ಪ ಮರಳು ಅಥವಾ ಪರ್ಲೈಟ್ ಅನ್ನುವ ಹಗುರ ಬಿಳಿ ಹರಳು ಬೆರೆಸಿ.

ವಾರಕ್ಕೊಂದು ಸಲ ಎಲೆ ಮಗುಚಿ

ಎಲ್ಲ ಗಿಡವನ್ನೂ ಒಂದೇ ದಿನ ನೋಡಲು ಹೋಗಬೇಡಿ, ಬೇಜಾರಾಗಿ ಬಿಟ್ಟುಬಿಡುತ್ತೀರಿ. ದಿನಕ್ಕೊಂದು ಸಾಲು ಸಾಕು. ಕೈಯಲ್ಲಿ ಒದ್ದೆ ಬಟ್ಟೆ ಇರಲಿ. ಧೂಳು ಒರೆಸುತ್ತಾ ಎಲೆಯ ಹಿಂಭಾಗ ನೋಡಿ.

ಹೊಳಪಿಗೆ ಅಂತ ಎಲೆಗೆ ಹಾಲು, ತೆಂಗಿನೆಣ್ಣೆ ಸವರುವವರಿದ್ದಾರೆ. ಬೇಡ. ಎಣ್ಣೆಗೆ ಧೂಳು ಅಂಟುತ್ತದೆ, ಹಾಲು ನಾರುತ್ತದೆ. ಅಂಗಡಿಯಲ್ಲಿ ಸಿಗುವ ಲೀಫ್ ಶೈನ್ ಸ್ಪ್ರೇಗೂ ದುಡ್ಡು ದಂಡ. ನೀರೇ ಸಾಕು.

ನೆಲ ಅಥವಾ ಎಲೆ ಅಂಟಂಟಾಗಿದ್ದರೆ ಮೇಲೆ ರಸ ಹೀರುವ ಹುಳ ಕೂತಿದೆ ಅಂತ ಅರ್ಥ. ಸಾಲುಗಟ್ಟಿ ಇರುವೆ ಹತ್ತುತ್ತಿದ್ದರೂ ಅಷ್ಟೇ. ಹುಳ ಬಿಡುವ ಸಿಹಿ ಅಂಟಿಗಾಗಿ ಇರುವೆಗಳು ಬರುತ್ತವೆ, ಬಂದು ಆ ಹುಳಗಳನ್ನೇ ಕಾಯುತ್ತವೆ. ಅದೇ ಅಂಟಿನ ಮೇಲೆ ಕಾಡಿಗೆಯಂಥ ಕಪ್ಪು ಬೂಷ್ಟು ಬೆಳೆಯುತ್ತದೆ. ಬೂಷ್ಟನ್ನು ಒರೆಸಿದರೆ ರೋಗ ಹೋಗುವುದಿಲ್ಲ, ಮೇಲಿನ ಹುಳ ಹೋಗಬೇಕು.

ಹಿಟ್ಟು ತಿಗಣೆ: ಎಲ್ಲರೂ ಎಡವುವುದು ಇಲ್ಲೇ

ಬಿಳಿ ಹತ್ತಿಯ ಚೂರಿನ ಹಾಗೆ ಕಾಣುವ ಈ ಹುಳ ನಮ್ಮ ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಟ ಕೊಡುತ್ತದೆ. ಅದರ ಮೈಮೇಲಿನ ಬಿಳಿ ಪುಡಿ ಮೇಣ. ನೀರು ಹಾಕಿದರೆ ಜಾರಿಹೋಗುತ್ತದೆ. ಹೆಣ್ಣು ನೂರಾರು ಮೊಟ್ಟೆಗಳನ್ನು ಹತ್ತಿಯಂಥ ಚೀಲದೊಳಗೆ ಇಡುತ್ತದೆ. ನೀವು ಹೊಡೆಯುವ ಔಷಧ ಆ ಚೀಲದೊಳಗೆ ಸರಿಯಾಗಿ ಇಳಿಯುವುದಿಲ್ಲ. ದೊಡ್ಡವು ಸತ್ತವು ಅಂತ ನೀವು ನೆಮ್ಮದಿಯಾಗುತ್ತೀರಿ. ಒಂದೆರಡು ವಾರದಲ್ಲಿ ಮೊಟ್ಟೆ ಒಡೆದು ಮರಿಗಳು ಹೊರಬರುತ್ತವೆ. ಆಗ "ಏನೂ ಸಾಯಲಿಲ್ಲ" ಅನ್ನುವ ದೂರು.

ಮೊದಲು ಗಿಡವನ್ನು ಉಳಿದವುಗಳಿಂದ ದೂರ ಒಯ್ಯಿರಿ. ಅಕ್ಕಪಕ್ಕದ ಗಿಡಗಳಿಗೂ ಹತ್ತಿದೆ ಅಂತಲೇ ಇಟ್ಟುಕೊಳ್ಳಿ, ಕಾಣಲಿ ಕಾಣದಿರಲಿ. ತುಂಬ ಹತ್ತಿದ ಎಲೆ, ಟೊಂಗೆ ಕತ್ತರಿಸಿ ಕವರ್‌ನಲ್ಲಿ ಕಟ್ಟಿ ಕಸಕ್ಕೆ ಹಾಕಿ. ಪಕ್ಕದ ಕುಂಡಕ್ಕೆ ಗೊಬ್ಬರ ಅಂತ ಹಾಕಬೇಡಿ!

ಈಗ ಮೆಡಿಕಲ್ ಶಾಪಿನಿಂದ 70 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೊಹಾಲ್ ತನ್ನಿ. ಕಿವಿಗೆ ಬಳಸುವ ಬಡ್ಸ್ ಅದರಲ್ಲಿ ಅದ್ದಿ ಒಂದೊಂದು ಹುಳಕ್ಕೂ ಮುಟ್ಟಿಸಿ. ಮುಟ್ಟಿಸಿದ ಕೂಡಲೇ ಬಿಳಿ ಮೇಣ ಕರಗಿ ಒಳಗಿನ ಕಿತ್ತಳೆ ಕಂದು ಮೈ ಕಾಣುತ್ತದೆ. ಹಾಗೆ ಬಣ್ಣ ಬದಲಾದರೆ ತಾಗಿತು ಅಂತ ಲೆಕ್ಕ. ಬಿಳಿಯಾಗೇ ಉಳಿದರೆ ಇನ್ನೊಂದು ಸಲ ಮುಟ್ಟಿಸಿ, ಆಮೇಲೆ ಹತ್ತಿ ಚೀಲವನ್ನೂ ಸೇರಿಸಿ ಒರೆಸಿ ತೆಗೆಯಿರಿ. ಕಿಟಕಿ ತೆರೆದಿರಲಿ, ಹತ್ತಿರ ಒಲೆಯಾಗಲಿ ದೀಪವಾಗಲಿ ಬೇಡ.

ಎಲ್ಲಿ ಹುಡುಕಬೇಕು? ಎಲೆ ಕಾಂಡ ಸೇರುವ ಕಂಕುಳಲ್ಲಿ. ಇನ್ನೂ ಸುರುಳಿ ಬಿಚ್ಚದ ಚಿಗುರಿನೊಳಗೆ. ಎಲೆಯ ನಡುನರದ ಉದ್ದಕ್ಕೂ, ಹಿಂಭಾಗದಲ್ಲಿ. ಬಳ್ಳಿಯನ್ನು ಕಟ್ಟಿದ ದಾರದ ಗಂಟಿನಲ್ಲಿ. ಕುಂಡದ ಅಂಚಿನ ಕೆಳಗೆ. ಈ ಕೊನೆಯ ಎರಡನ್ನು ನೋಡುವವರೇ ಇಲ್ಲ. ದಾರವನ್ನು ಬಿಚ್ಚಿ ಎಸೆದು ಹೊಸದು ಕಟ್ಟಿ. ಮಾನ್‌ಸ್ಟೆರಾಗೆ ಊರುಗೋಲಾಗಿ ಕೊಡುವ ತೆಂಗಿನ ನಾರಿನ ಕಂಬದೊಳಗೆ ಹುಳ ಹೊಕ್ಕರೆ ಕಂಬವನ್ನೇ ಬಿಸಾಕಿ.

ಆಮೇಲೆ ಬೇವಿನೆಣ್ಣೆ. ಎಣ್ಣೆಯನ್ನು ನೇರ ನೀರಿಗೆ ಸುರಿದು ಅಲ್ಲಾಡಿಸಿದರೆ ತೇಲುತ್ತದೆ, ಅಷ್ಟೇ. ಬಾಟಲಿಯ ಕೊಳವೆ ತಳದಲ್ಲಿರುವುದರಿಂದ ಮೊದಲು ಬರೀ ನೀರು ಬರುತ್ತದೆ. ಕೊನೆಗೆ ಬರೀ ಎಣ್ಣೆ ಬಂದು ಆ ಎಲೆಯನ್ನು ಸುಡುತ್ತದೆ. ಸರಿಯಾದ ರೀತಿ ಇದು: ಚಿಕ್ಕ ಲೋಟದಲ್ಲಿ ಒಂದು ಟೀ ಚಮಚ, ಅಂದರೆ 5 ಎಂಎಲ್ ಎಣ್ಣೆ ಹಾಕಿ. ಅದಕ್ಕೆ ಅರ್ಧ ಚಮಚಕ್ಕಿಂತ ಸ್ವಲ್ಪ ಕಡಿಮೆ ಮೃದುವಾದ ದ್ರವ ಸೋಪು ಅಥವಾ ಗಟ್ಟಿಯಾಗಿ ಹಿಂಡಿದ ಅಂಟುವಾಳದ ರಸ ಹಾಕಿ ಕಲಕಿ. ಹಾಲಿನಂತೆ ಬೆಳ್ಳಗಾಗುವ ತನಕ ಕಲಕಬೇಕು. ಆಮೇಲೆ ಉಗುರುಬೆಚ್ಚಗಿನ ನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಒಂದು ಲೀಟರ್ ಮಾಡಿ. ಮೇಲೆ ಎಣ್ಣೆಯ ಕಣ್ಣುಗಳು ಕಂಡರೆ ಇನ್ನಷ್ಟು ಕಲಕಿ. ಹೊಡೆಯುವಾಗಲೂ ನಡುನಡುವೆ ಬಾಟಲಿ ಅಲ್ಲಾಡಿಸಿ.

ಡಿಸೆಂಬರ್ ಚಳಿಯಲ್ಲಿ ಬೇವಿನೆಣ್ಣೆ ಬಾಟಲಿಯೊಳಗೇ ತುಪ್ಪದ ಹಾಗೆ ಗಟ್ಟಿಯಾಗುತ್ತದೆ. ಹಾಳಾಗಿಲ್ಲ, ಬಿಸಿನೀರಿನಲ್ಲಿ ಬಾಟಲಿ ಇಟ್ಟರೆ ಕರಗುತ್ತದೆ. ಗಾಣದ ಎಣ್ಣೆ, ಮೂಗಿಗೆ ಬಡಿಯುವ ವಾಸನೆ ಇರುವುದೇ ಒಳ್ಳೆಯದು. ವಾಸನೆಯೇ ಇಲ್ಲದ ಎಣ್ಣೆಯನ್ನು ನಾನು ನಂಬುವುದಿಲ್ಲ. ಬಟ್ಟೆ ಒಗೆಯುವ ಡಿಟರ್ಜೆಂಟ್ ಪುಡಿ ಬೇಡವೇ ಬೇಡ, ಎಲೆಯ ಅಂಚು ಸುಟ್ಟುಹೋಗುತ್ತದೆ. ಇಷ್ಟೆಲ್ಲ ಕಲಕುವುದು ರಗಳೆ ಅನ್ನಿಸಿದರೆ ಒಂದು ಒಳದಾರಿ ಇದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬೇವಿನ ಸಾಬೂನು, ಹೊಂಗೆ ಸಾಬೂನು ರೂಪಿಸಿದೆ. ಪೊಟ್ಟಣದ ಮೇಲಿನ ಅಳತೆಯಂತೆ ನೀರಿನಲ್ಲಿ ಕರಗಿಸಿದರೆ ಆಯಿತು. ಒಳದಾರಿಗಳಲ್ಲಿ ನಾನು ಒಪ್ಪುವುದು ಇದೊಂದನ್ನೇ.

ಹೊತ್ತು ಮುಳುಗಿದ ಮೇಲೆ ಹೊಡೆಯಿರಿ. ಬಿಸಿಲಿಗೆ ಬೇವಿನ ಸತ್ವ ಬೇಗ ಹೋಗುತ್ತದೆ, ಎಣ್ಣೆ ಹತ್ತಿದ ಎಲೆಯೂ ಸುಡುತ್ತದೆ. ಎಲೆಯ ಹಿಂಭಾಗ ಮೊದಲು, ಮೇಲ್ಭಾಗ ಆಮೇಲೆ. ತೊಟ್ಟಿಕ್ಕುವ ತನಕ ಹೊಡೆಯಿರಿ. ಮಿಕ್ಕಿದ್ದನ್ನು ನಾಳೆಗೆ ಇಡಬೇಡಿ, ಕಲಸಿದ ದಿನವೇ ಮುಗಿಸಿ. ಜರೀಗಿಡ, ಕ್ಯಾಲಥಿಯಾ, ಮೈಮೇಲೆ ಬೂದಿ ಇರುವ ಸಕ್ಯುಲೆಂಟ್‌ಗಳಿಗೆ ಮೊದಲು ಒಂದೇ ಎಲೆಗೆ ಹಾಕಿ ಎರಡು ದಿನ ಕಾದು ನೋಡಿ.

ಏಳು ದಿನ ಬಿಟ್ಟು ಮತ್ತೆ ಬಡ್ಸ್, ಮತ್ತೆ ಸ್ಪ್ರೇ. ಒಟ್ಟು ನಾಲ್ಕು ಸುತ್ತು. ಎರಡನೇ ಸುತ್ತಿನಲ್ಲಿ ಹುಳ ಕಾಣುವುದೇ ಇಲ್ಲ, ಮೂರನೆಯದು ಯಾಕೆ ಅಂತ ಅನ್ನಿಸುತ್ತದೆ. ಆಗಲೇ ಬಿಡಬಾರದು. ಮೊಬೈಲಿನಲ್ಲಿ ಅಲಾರಾಂ ಇಟ್ಟುಕೊಳ್ಳಿ.

ನಾಲ್ಕು ಸುತ್ತು ಆದಮೇಲೂ ಗಿಡ ಸೊರಗುತ್ತಲೇ ಇದ್ದರೆ ಕುಂಡದಿಂದ ಬಿಡಿಸಿ. ಬೇರಿನ ಮೇಲೆ, ಕುಂಡದ ಒಳಗೋಡೆಯ ಮೇಲೆ ಬಿಳಿ ಪುಡಿ ಕಂಡರೆ ಅದು ಬೇರಿನ ಹಿಟ್ಟು ತಿಗಣೆ. ಮಣ್ಣೆಲ್ಲ ಉದುರಿಸಿ ಎಸೆದು, ಬೇರನ್ನು ನಲ್ಲಿ ಕೆಳಗೆ ತೊಳೆದು, ಕುಂಡವನ್ನು ಬಿಸಿನೀರಿನಲ್ಲಿ ಉಜ್ಜಿ. ಹೊಸ ಮಣ್ಣಿಗೆ ಒಂದೆರಡು ಚಮಚ ಬೇವಿನ ಹಿಂಡಿ ಬೆರೆಸಿ ನೆಡಿ. ಕೆಲವು ದಿನ ಮನೆ ನಾರುತ್ತದೆ, ಸಹಿಸಿಕೊಳ್ಳಿ.

ಬಾಲ್ಕನಿಯಲ್ಲಿ ದಾಸವಾಳ ಇದೆಯಾ? ಹಾಗಾದರೆ ಹುಳದ ತವರು ಅದೇ ಇರಬಹುದು. ಒಳಗಿನ ಗಿಡಕ್ಕೆ ಎಷ್ಟು ಉಪಚಾರ ಮಾಡಿದರೂ ದಾಸವಾಳದಿಂದ ಇರುವೆ ಮತ್ತೆ ಹೊತ್ತು ತರುತ್ತದೆ. ಎರಡಕ್ಕೂ ಒಟ್ಟಿಗೇ ಮಾಡಿ, ಇರುವೆಯ ದಾರಿಯನ್ನೂ ಕಟ್ಟಿ. ಅಲ್ಲಿ ಹಿಟ್ಟು ತಿಗಣೆಗಿಂತ ದೊಡ್ಡದಾದ, ಮೈತುಂಬ ಉದ್ದನೆ ಬಿಳಿ ಕುಚ್ಚು ಇರುವ, ಸರಸರ ಓಡಾಡುವ ಹುಳ ಕಂಡರೆ ಮಾತ್ರ ಕೊಲ್ಲಬೇಡಿ. ಅದು ಕ್ರಿಪ್ಟೊಲೀಮಸ್ ಅನ್ನುವ ಗುಲಗಂಜಿ ಹುಳದ ಮರಿ. ನೋಡಲು ಹಿಟ್ಟು ತಿಗಣೆಯ ಹಾಗೇ ಇದ್ದು ಹಿಟ್ಟು ತಿಗಣೆಯನ್ನೇ ತಿನ್ನುತ್ತದೆ. ಆಸ್ಟ್ರೇಲಿಯಾ ಮೂಲದ ಇದನ್ನು ಭಾರತಕ್ಕೆ ತಂದದ್ದು 1898ರಲ್ಲಿ. ಅದು ಕಂಡ ಗಿಡಕ್ಕೆ ಏನನ್ನೂ ಹೊಡೆಯದೆ ಬಿಟ್ಟುಬಿಡಿ.

ಉಳಿದವು

ಕಾಂಡದ ಮೇಲೆ ಕಂದು ಬೊಟ್ಟಿನಂತೆ ಕೂತು ಅಲ್ಲಾಡದೆ ಇರುವುದು ಶಲ್ಕ ಕೀಟ. ಉಗುರಿನಿಂದ ಅಥವಾ ಹಳೆ ಟೂತ್‌ಬ್ರಷ್‌ನಿಂದ ಕೆರೆದು ತೆಗೆಯಿರಿ, ಆಮೇಲೆ ಮೇಲಿನ ಉಪಚಾರವೇ.

ಫೆಬ್ರವರಿಯಿಂದ ಮೇ ತನಕ ಒಣಹವೆಯಲ್ಲಿ ಜೇಡ ನುಸಿ ಏಳುತ್ತದೆ. ಎಲೆ ಮಾಸಲಾಗಿ, ಸೂಜಿಯಲ್ಲಿ ಚುಚ್ಚಿದಂತೆ ಚುಕ್ಕೆ ಚುಕ್ಕೆ ಆಗುತ್ತದೆ. ಬಿಳಿ ಕಾಗದದ ಮೇಲೆ ಎಲೆ ತಟ್ಟಿ. ಉದುರಿದ ಚುಕ್ಕೆಗಳು ನಡೆದಾಡಿದರೆ ನುಸಿಯೇ. ಕುಂಡಕ್ಕೆ ಪ್ಲಾಸ್ಟಿಕ್ ಕವರ್ ಕಟ್ಟಿ, ಬಚ್ಚಲಲ್ಲಿ ಶವರ್ ಹಿಡಿದು ಎಲೆಯ ಹಿಂಭಾಗ ಜೋರಾಗಿ ತೊಳೆಯಿರಿ. ಮೂರು ನಾಲ್ಕು ದಿನಕ್ಕೊಮ್ಮೆ ಮಾಡಿ, ಬೇಸಿಗೆಯಲ್ಲಿ ಇದು ಬಲು ಬೇಗ ಬೆಳೆಯುತ್ತದೆ. ಕಲಬುರಗಿ, ರಾಯಚೂರು ಕಡೆಯವರಿಗೆ ಇದೇ ದೊಡ್ಡ ಶತ್ರು. ಮಂಗಳೂರಿನ ತೇವದ ಹವೆಯಲ್ಲಿ ಇಷ್ಟು ಕಾಟ ಇಲ್ಲ.

ಎಲೆಯ ಮೇಲೆ ಬೆಳ್ಳಿ ಗೀರು, ಅದರ ನಡುವೆ ಕಪ್ಪು ಚುಕ್ಕೆ ಇದ್ದರೆ ಅದು ಥ್ರಿಪ್ಸ್ ಅನ್ನುವ ಸಣ್ಣ ಹುಳ. ಇದು ಕೋಶವಾಗಲು ಹೆಚ್ಚಾಗಿ ಮಣ್ಣಿಗಿಳಿಯುತ್ತದೆ. ಹಾಗಾಗಿ ಎಲೆಗೆ ಹೊಡೆದರಷ್ಟೇ ಸಾಲದು, ಮೇಲ್ಮಣ್ಣನ್ನೂ ಬದಲಿಸಿ.

ಗೊಬ್ಬರದ ಅಂಗಡಿಗೆ ಹೋಗಿ ಹುಳ ಅಂದರೆ ಡೈಮಿಥೊಯೇಟ್ ಅಥವಾ ಇಮಿಡಾಕ್ಲೋಪ್ರಿಡ್ ಕೈಗಿಡುತ್ತಾರೆ. ಡೈಮಿಥೊಯೇಟ್ ಹೊಲದ ಬೆಳೆಗೆ ಹೊಡೆಯುವ ವಿಷ, ಮಗು ನಾಯಿ ಬೆಕ್ಕು ಇರುವ ಮನೆಯೊಳಗೆ ಅದಕ್ಕೆ ಜಾಗವಿಲ್ಲ. ಇಮಿಡಾಕ್ಲೋಪ್ರಿಡ್ ನುಸಿಯನ್ನು ಕೊಲ್ಲುವುದಿಲ್ಲ, ಎಷ್ಟೋ ಸಲ ನುಸಿ ಹೆಚ್ಚಾಗಲು ಅದೇ ಕಾರಣವಾಗುತ್ತದೆ. ಬಾಲ್ಕನಿಯ ಹೂವಿಗೆ ಬರುವ ಜೇನಿಗೂ ಅದು ವಿಷ.

ಇನ್ನು ಅರಿಶಿನ ಪುಡಿ, ಕಾಫಿ ಚರಟ, ಮೊಟ್ಟೆ ಸಿಪ್ಪೆ. ಹಿಟ್ಟು ತಿಗಣೆಗೆ ಇವು ಏನೂ ಮಾಡುವುದಿಲ್ಲ. ಒದ್ದೆ ಕಾಫಿ ಚರಟವಂತೂ ಮಣ್ಣಿನ ಮೇಲೆ ಬೂಷ್ಟು ಹಿಡಿದು ಆ ಕಪ್ಪು ನೊಣಗಳನ್ನೇ ಕರೆಯುತ್ತದೆ.

ಕೆಲವು ಗಿಡ ಉಳಿಯುವುದಿಲ್ಲ. ನೂರು ರೂಪಾಯಿಯ ಗಿಡಕ್ಕಾಗಿ ಉಳಿದವನ್ನೆಲ್ಲ ಪಣಕ್ಕಿಡಬೇಡಿ. ಮನಿ ಪ್ಲಾಂಟ್, ಫಿಲೊಡೆಂಡ್ರಾನ್ ಥರದ ಬಳ್ಳಿಯಾದರೆ ಹುಳವಿಲ್ಲದ ಒಂದು ತುಂಡು ಕತ್ತರಿಸಿ, ಸೋಪು ನೀರಿನಲ್ಲಿ ತೊಳೆದು, ನೀರಿನ ಬಾಟಲಿಯಲ್ಲಿ ಬೇರು ಬರಿಸಿ. ಉಳಿದದ್ದು ಮಣ್ಣು ಸಮೇತ ಕಸಕ್ಕೆ. ಕತ್ತರಿಗೆ ಅದೇ ಆಲ್ಕೊಹಾಲ್ ಒರೆಸಿ ಒಳಗಿಡಿ.