ಟರ್ಕಿ ಪ್ರವಾಸಕ್ಕೆ ಪುಸ್ತಕ ಆರಿಸುವ ಬಗೆ

ಮೊದಲು ಪ್ರವಾಸದ ಪಟ್ಟಿ ತಯಾರಾಗಲಿ, ಪುಸ್ತಕದ ಯೋಚನೆ ಆಮೇಲೆ. ಪಟ್ಟಿ ಮಾಡದೆ ಅಂಗಡಿಗೆ ಹೋದವರು ಟರ್ಕಿಯ ಸಮಗ್ರ ಇತಿಹಾಸವೆಂಬ ದಪ್ಪ ಪುಸ್ತಕ ಹೊತ್ತು ತಂದು, ಐವತ್ತನೇ ಪುಟದಲ್ಲೇ ಕೈಬಿಡುವುದು ಹೆಚ್ಚು. ಆ ನೆಲವನ್ನು ಹಿಟ್ಟೈಟರು, ಗ್ರೀಕರು, ರೋಮನ್ನರು, ಬೈಜಾಂಟೈನರು, ಸೆಲ್ಜುಕರು, ಆಟೊಮನ್ನರು ಆಳಿದ್ದಾರೆ. ಎಲ್ಲರನ್ನೂ ಒಂದೇ ಸಂಪುಟಕ್ಕೆ ತುಂಬಿದರೆ ಓದುಗರ ಪಾಲಿಗೆ ಹೆಸರು, ಇಸವಿಗಳಷ್ಟೇ ಉಳಿಯುತ್ತವೆ.

ಒಂದು ಹಾಳೆಯಲ್ಲಿ ನೀವು ಹೋಗುವ ಊರುಗಳನ್ನು ಬರೆದು, ಪಕ್ಕದಲ್ಲಿ ಅಲ್ಲಿ ಕಣ್ಣಿಗೆ ಬೀಳುವ ಕಾಲವನ್ನು ಬರೆಯಿರಿ. ಎಫೆಸಸ್ ಎಂದರೆ ಗ್ರೀಕರು ಮತ್ತು ರೋಮನ್ನರು. ಕೊನ್ಯಾ ಎಂದರೆ ಸೆಲ್ಜುಕರು ಮತ್ತು ಸೂಫಿ ಕವಿ ರೂಮಿ. ಅಂಕಾರಾ ಎಂದರೆ 1923ರ ನಂತರದ ಗಣರಾಜ್ಯ. ಶಾನ್ಲಿಉರ್ಫಾ ಎಂದರೆ ಹನ್ನೊಂದು ಸಾವಿರ ವರ್ಷಕ್ಕೂ ಹಿಂದಿನ ಶಿಲಾಯುಗದ ನೆಲೆ ಗೋಬೆಕ್ಲಿ ತೆಪೆ. ಎಲ್ಲಿ ಹೆಚ್ಚು ರಾತ್ರಿ ತಂಗುತ್ತೀರೋ ಆ ಊರಿನ ಕಾಲಕ್ಕೆ ಒಂದು ಇತಿಹಾಸ, ಆ ಊರಿಗೋ ಸೀಮೆಗೋ ಸೇರಿದ ಒಂದು ಕಾದಂಬರಿ, ಜೊತೆಗೆ ಒಂದು ಪ್ರವಾಸ ಕೈಪಿಡಿ. ಹತ್ತು ದಿನಗಳ ಪ್ರವಾಸಕ್ಕೆ ಈ ಮೂರು ಸಾಕು.

ಕೈಪಿಡಿ ಕೊಳ್ಳುವಾಗ ಹೊದಿಕೆಯ ಮೇಲಿನ ವರ್ಷವನ್ನು ನಂಬಬೇಡಿ. ಹಳೆಯ ಪಠ್ಯಕ್ಕೇ ಹೊಸ ರಟ್ಟು ಹಾಕಿ ಮಾರುವುದುಂಟು. ನೇರ ಇಸ್ತಾಂಬುಲ್‌ನ ಹಗಿಯಾ ಸೋಫಿಯಾದ ಪುಟ ತೆರೆಯಿರಿ. ಅದನ್ನು ಮ್ಯೂಸಿಯಂ ಎಂದಷ್ಟೇ ಬರೆದಿದ್ದರೆ ಆ ಬರಹ 2020ಕ್ಕಿಂತ ಹಿಂದಿನದು. ಆ ವರ್ಷದ ಜುಲೈನಲ್ಲಿ ಅದು ಮತ್ತೆ ಮಸೀದಿಯಾಯಿತು. ಮಸೀದಿ ಎಂದಿದ್ದೂ ಪ್ರವಾಸಿಗರಿಗೆ ಮೇಲಿನ ಗ್ಯಾಲರಿಗೆ ಬೇರೆ ಬಾಗಿಲು, ಬೇರೆ ಟಿಕೆಟ್ ಎಂಬ ಮಾತಿಲ್ಲದಿದ್ದರೆ 2024ರ ಜನವರಿಗೆ ಹಿಂದಿನದು. ಮೊಸಾಯಿಕ್ ಚಿತ್ರಗಳಿಗೆ ಹೆಸರಾದ, ಅದೇ ನಗರದ ಹಳೆಯ ಚರ್ಚ್ ಖೋರಾದ ಪುಟವನ್ನೂ ನೋಡಿ. ಅದು ಮಸೀದಿಯಾಗಿ ತೆರೆದದ್ದು 2024ರ ಮೇ ತಿಂಗಳಲ್ಲಿ. ವಿಮಾನ ನಿಲ್ದಾಣದ ಪುಟ ಇನ್ನೊಂದು ಸುಳಿವು: ಇಸ್ತಾಂಬುಲ್‌ನ ಹಳೆಯ ಅತಾತುರ್ಕ್ ನಿಲ್ದಾಣದಿಂದ ಪ್ರಯಾಣಿಕರ ವಿಮಾನಗಳು ಹೊಸ ನಿಲ್ದಾಣಕ್ಕೆ ಹೋದದ್ದು 2019ರ ಏಪ್ರಿಲ್‌ನಲ್ಲಿ. ಇನ್ನು ಲೀರಾದಲ್ಲಿ ಅಚ್ಚಾದ ಬೆಲೆಗಳನ್ನು ಓದಲೇಬೇಡಿ. ಅಲ್ಲಿನ ಬೆಲೆಯೇರಿಕೆಯ ಮುಂದೆ ಒಂದು ವರ್ಷದ ಹಿಂದಿನ ಲೆಕ್ಕವೂ ಕೆಲಸಕ್ಕೆ ಬರುವುದಿಲ್ಲ.

ಕಟ್ಟಡಗಳ ವಿವರಕ್ಕೆ ಮಾತ್ರ ಹಳೆಯ ಪುಸ್ತಕವೇ ಒಳ್ಳೆಯದಿರಬಹುದು. ಹಿಲರಿ ಸಮ್ನರ್-ಬಾಯ್ಡ್ ಮತ್ತು ಜಾನ್ ಫ್ರೀಲಿ ಬರೆದ 'ಸ್ಟ್ರೋಲಿಂಗ್ ಥ್ರೂ ಇಸ್ತಾಂಬುಲ್' ಮೊದಲು ಬಂದದ್ದು 1972ರಲ್ಲಿ. ಇಡೀ ಪುಸ್ತಕ ಕಾಲ್ನಡಿಗೆಯ ದಾರಿಗಳಾಗಿಯೇ ಹರಡಿಕೊಂಡಿದೆ, ಗಲ್ಲಿಯೊಳಗಿನ ಸಣ್ಣ ಮಸೀದಿಯನ್ನೂ ಬಿಟ್ಟಿಲ್ಲ. ತೆರೆಯುವ ಸಮಯ, ಪ್ರವೇಶದ ಬಾಗಿಲು ಮುಂತಾದವನ್ನು ಹೊರಡುವ ವಾರ ಬೇರೆ ಕಡೆ ಪರೀಕ್ಷಿಸಿಕೊಳ್ಳಿ, ಉಳಿದದ್ದಕ್ಕೆ ಇದು ಸಾಕು.

ಇಸ್ತಾಂಬುಲ್‌ನ ಇತಿಹಾಸಕ್ಕೆ ಮೊದಲ ಓದಾಗಿ 1453ರ ಮುತ್ತಿಗೆಯಷ್ಟು ಹಿತವಾದ ವಸ್ತು ಇನ್ನೊಂದಿಲ್ಲ. ಆಗ ಕಾನ್‌ಸ್ಟಾಂಟಿನೋಪಲ್ ಎನಿಸಿದ್ದ ಈ ಊರನ್ನು ಆಟೊಮನ್ನರು ಬೈಜಾಂಟೈನರಿಂದ ಗೆದ್ದದ್ದು ಆ ಮುತ್ತಿಗೆಯಲ್ಲಿ. ಏಪ್ರಿಲ್ 6ರಿಂದ ಮೇ 29ರವರೆಗಿನ ಕತೆ, ಒಂದೇ ಊರು, ಆ ಗೋಡೆಗಳು ಇವತ್ತಿಗೂ ನಿಂತಿವೆ. ಸ್ಟೀವನ್ ರನ್ಸಿಮನ್ 1965ರಲ್ಲಿ ಬರೆದ 'ದಿ ಫಾಲ್ ಆಫ್ ಕಾನ್‌ಸ್ಟಾಂಟಿನೋಪಲ್ 1453' ಚಿಕ್ಕದು, ಗಟ್ಟಿಯಾದುದು. ಆದರೆ ಅದರ ಮನಸ್ಸು ಸೋತ ಬೈಜಾಂಟೈನರ ಕಡೆ ವಾಲುತ್ತದೆ, ಅಷ್ಟು ಎಚ್ಚರವಿರಲಿ. ಆಟೊಮನ್ನರ ಕಡೆಯಿಂದ ಇಡೀ ಸಾಮ್ರಾಜ್ಯವನ್ನು ತಿಳಿಯಲು ಕ್ಯಾರೊಲೈನ್ ಫಿಂಕೆಲ್ ಅವರ 'ಒಸ್ಮಾನ್ಸ್ ಡ್ರೀಮ್' ಇದೆ. ಐನೂರು ಪುಟ ದಾಟುತ್ತದೆ, ಹೆಸರುಗಳ ದಟ್ಟಣೆಯೂ ಇದೆ. ದಿನಕ್ಕೆ ಇಪ್ಪತ್ತೈದು ಪುಟದಂತೆ ಓದಿದರೂ ಮೂರು ವಾರ ಬೇಕು. ಅಷ್ಟು ಸಮಯವಿಲ್ಲದವರು ಸುಲ್ತಾನರಾದ ಎರಡನೇ ಮೆಹ್ಮದ್ ಮತ್ತು ಸುಲೇಮಾನನ ಕಾಲದ ಅಧ್ಯಾಯಗಳನ್ನಷ್ಟೇ ಓದಿ ಹೊರಡಬಹುದು. ನೀವು ನೋಡಲಿರುವ ಅರಮನೆ, ಮಸೀದಿಗಳಲ್ಲಿ ಹಲವಕ್ಕೆ ಅಲ್ಲೇ ಹಿನ್ನೆಲೆ ಸಿಗುತ್ತದೆ.

ಮುತ್ತಿಗೆಯ ಪುಸ್ತಕ ಹಿಡಿದು ಗೋಡೆ ನೋಡಲು ಹೋಗುವವರು ಟ್ರಾಮ್‌ನಲ್ಲಿ ದಾರಿ ತಪ್ಪುವ ಜಾಗ ಒಂದಿದೆ. ಟಿ1 ಮಾರ್ಗದಲ್ಲಿ 'ತೋಪ್‌ಕಾಪಿ' ಎಂಬ ನಿಲ್ದಾಣವಿರುವುದು ಕೋಟೆಗೋಡೆಯ ಬಳಿ. ಸುಲ್ತಾನರ ತೋಪ್‌ಕಾಪಿ ಅರಮನೆ ಅಲ್ಲಿಂದ ಕಿಲೋಮೀಟರ್‌ಗಟ್ಟಲೆ ದೂರ, ಸುಲ್ತಾನ್ ಅಹ್ಮೆತ್ ಮತ್ತು ಗುಲ್‌ಹಾನೆ ನಿಲ್ದಾಣಗಳ ಹತ್ತಿರ. ನಗರದ ನಕ್ಷೆ ಇಲ್ಲದ ಇತಿಹಾಸ ಪುಸ್ತಕ ಕೊಂಡರೆ ಓದುವಾಗಲೂ ಇದೇ ಗೊಂದಲ. ಹಾಗಾಗಿ ಕೊಳ್ಳುವ ಮುಂಚೆ ಪುಟ ತಿರುವಿ ಗೋಡೆ, ಬಾಗಿಲು, ಗೋಲ್ಡನ್ ಹಾರ್ನ್ ಎಂಬ ಕಡಲ ಚಾಚು ಮೂರೂ ಗುರುತಿಸಿದ ನಕ್ಷೆ ಇದೆಯೇ ನೋಡಿ.

ಕಾದಂಬರಿಗಳ ವಿಷಯದಲ್ಲಿ ಟರ್ಕಿಗೆ ಹೋಗುವವರು ಭಾಗ್ಯವಂತರು. ಒರ್ಹಾನ್ ಪಾಮುಕ್ ಅವರ ಯಾವ ಪುಸ್ತಕ ಎಂಬುದನ್ನು ನಿಮ್ಮ ದಾರಿಯೇ ಹೇಳುತ್ತದೆ. ತೋಪ್‌ಕಾಪಿ ಅರಮನೆಗೆ ಸಮಯ ಕೊಡುವವರಿಗೆ 1591ರ ಚಿತ್ರಕಾರರ ಕತೆ 'ಮೈ ನೇಮ್ ಈಸ್ ರೆಡ್'. ಈಶಾನ್ಯದ ಕಾರ್ಸ್‌ಗೂ ಅಲ್ಲಿಂದ ಸುಮಾರು 45 ಕಿಲೋಮೀಟರ್ ದೂರದ ಆನಿಯ ಅವಶೇಷಗಳಿಗೂ ಹೋಗುವವರಿಗೆ 'ಸ್ನೋ'. ಇಸ್ತಾಂಬುಲ್‌ನ ಬೇಯೊಗ್ಲು ಕಡೆ ಉಳಿದುಕೊಳ್ಳುವವರಿಗೆ 'ದಿ ಮ್ಯೂಸಿಯಂ ಆಫ್ ಇನ್ನೊಸೆನ್ಸ್'. ಈ ಕೊನೆಯದನ್ನು ಮಾತ್ರ ಅಚ್ಚಾದ ಪ್ರತಿಯಲ್ಲೇ ಕೊಳ್ಳಿ. ಬೇಯೊಗ್ಲುವಿನ ಚುಕುರ್‌ಜುಮಾದಲ್ಲಿ 2012ರಲ್ಲಿ ಪಾಮುಕ್ ಅದೇ ಹೆಸರಿನ ಮ್ಯೂಸಿಯಂ ತೆರೆದಿದ್ದಾರೆ. ಕಾದಂಬರಿಯಲ್ಲಿ 83 ಅಧ್ಯಾಯ, ಅಲ್ಲಿ ಒಂದೊಂದು ಅಧ್ಯಾಯಕ್ಕೆ ಒಂದೊಂದು ಗಾಜಿನ ಪೆಟ್ಟಿಗೆ. ಪುಸ್ತಕದ ಕೊನೆಯ ಭಾಗದಲ್ಲಿ ಅಚ್ಚಾಗಿರುವ ಟಿಕೆಟ್ ತೋರಿಸಿದರೆ ಮೊಹರು ಹಾಕಿ ಉಚಿತವಾಗಿ ಒಳಗೆ ಬಿಡುತ್ತಾರೆ. ಇ-ಬುಕ್‌ನಲ್ಲಿ ಮೊಹರು ಒತ್ತಲು ಜಾಗವೆಲ್ಲಿ?

ನಗರ ಬಿಟ್ಟು ದಕ್ಷಿಣದ ಅದಾನಾ, ತೌರಸ್ ಬೆಟ್ಟಗಳ ಕಡೆ ಹೋಗುವವರು ಯಶಾರ್ ಕೆಮಾಲ್ ಅವರ 'ಮೆಮೆದ್, ಮೈ ಹಾಕ್' ಓದಲಿ. ಜಮೀನ್ದಾರನ ಎದುರು ತಿರುಗಿಬಿದ್ದ ಹಳ್ಳಿ ಹುಡುಗನ ಈ ಕತೆಯಲ್ಲಿ ಚುಕುರೋವಾ ಬಯಲಿನ ಮಣ್ಣೂ ಮುಳ್ಳುಗಿಡವೂ ಪಾತ್ರಗಳಷ್ಟೇ ಮುಖ್ಯ.

ಕೊನ್ಯಾಕ್ಕೆ ಹೋಗುವವರು ರೂಮಿಯ ಪುಸ್ತಕ ಕೊಳ್ಳುವಾಗ ಅನುವಾದಕರ ಹೆಸರು ನೋಡಲೇಬೇಕು. ರೂಮಿ ಬರೆದದ್ದು ಹೆಚ್ಚಾಗಿ ಪಾರ್ಸಿಯಲ್ಲಿ. ಎಲ್ಲೆಲ್ಲೂ ಸಿಗುವ ಕೋಲ್‌ಮನ್ ಬಾರ್ಕ್ಸ್ ಅವರ ಇಂಗ್ಲಿಷ್ ಪದ್ಯಗಳು ಮೂಲ ಪಾರ್ಸಿಯಿಂದ ಬಂದವಲ್ಲ, ಹಿಂದಿನ ಇಂಗ್ಲಿಷ್ ಅನುವಾದಗಳನ್ನು ತಿದ್ದಿ ಬರೆದವು. ಓದಲು ಸೊಗಸಾಗಿವೆ, ಆದರೆ ಕುರಾನಿನ ನಂಟು ಅವುಗಳಲ್ಲಿ ಬಹಳ ತೆಳುವಾಗಿದೆ. ಕೊನ್ಯಾದಲ್ಲಿ ರೂಮಿಯ ಗೋರಿಯ ಮುಂದೆ ನಿಂತು ಪ್ರಾರ್ಥಿಸುವ ಜನರನ್ನು ಅರ್ಥಮಾಡಿಕೊಳ್ಳಲು, ರೂಮಿಯ ದೀರ್ಘ ಕಾವ್ಯ ಮಸ್ನವಿಯನ್ನು ಜಾವಿದ್ ಮೊಜದ್ದೆದಿ ಪಾರ್ಸಿಯಿಂದಲೇ ಮಾಡಿರುವ ಅನುವಾದ ಹೆಚ್ಚು ನೆರವಾಗುತ್ತದೆ.

ಹಿಟ್ಟೈಟರ ರಾಜಧಾನಿಯಿದ್ದ ಬೊಆಜ್‌ಕಲೆಗೆ ಹೋಗುವವರು ಕಡಿಮೆ. ಭಾರತೀಯರು ಹೋಗಬೇಕೆಂಬುದು ನಮ್ಮ ಆಸೆ. ಅಲ್ಲಿ ಸಿಕ್ಕ ಮಣ್ಣಿನ ಹಲಗೆಗಳಲ್ಲಿ, ನೆರೆಯ ಮಿತಾನ್ನಿ ರಾಜ್ಯದ ರಾಜನೊಂದಿಗಿನ ಒಪ್ಪಂದವೊಂದರಲ್ಲಿ, ಮಿತ್ರ, ವರುಣ, ಇಂದ್ರ, ನಾಸತ್ಯರನ್ನು ಸಾಕ್ಷಿಗೆ ಕರೆಯಲಾಗಿದೆ, ಕಾಲ ಕ್ರಿ.ಪೂ. 14ನೇ ಶತಮಾನ. ಟ್ರೆವರ್ ಬ್ರೈಸ್ ಅವರ 'ದಿ ಕಿಂಗ್‌ಡಮ್ ಆಫ್ ದಿ ಹಿಟ್ಟೈಟ್ಸ್' ಕೊಳ್ಳುವುದಾದರೆ 2005ರ ಪರಿಷ್ಕೃತ ಆವೃತ್ತಿ ಕೇಳಿ. ಕನ್ನಡಿಗರಿಗೆ ಇನ್ನೂ ಹತ್ತಿರದ ಎಳೆಯೊಂದಿದೆ. ಟಿಪ್ಪು ಸುಲ್ತಾನ್ ಆಟೊಮನ್ ಸುಲ್ತಾನರ ಬಳಿಗೆ ಕಳಿಸಿದ ನಿಯೋಗ 1786ರಲ್ಲಿ ಉತ್ತರ ಕನ್ನಡದ ತದಡಿಯಿಂದ ಹಡಗೇರಿತು. ಅದರ ಪಾರ್ಸಿ ದಿನಚರಿಯನ್ನು ಇತಿಹಾಸಕಾರ ಮೊಹಿಬ್ಬುಲ್ ಹಸನ್ ಸಂಪಾದಿಸಿದ್ದಾರೆ. ವಿಶ್ವವಿದ್ಯಾಲಯದ ಲೈಬ್ರರಿಗಳಲ್ಲಿ ಹುಡುಕಿ.

ನಿಕಟ ಇತಿಹಾಸಕ್ಕೆ ಬಂದಾಗ ಒಂದೇ ಪುಸ್ತಕಕ್ಕೆ ನಿಲ್ಲಬೇಡಿ. ಸೂಚಿಯಲ್ಲಿ 'ಆರ್ಮೀನಿಯನ್ನರು' ಮತ್ತು '1915' ಹುಡುಕಿ, ಆ ಸಾಮೂಹಿಕ ಹತ್ಯೆಯ ಬಗ್ಗೆ ಎಷ್ಟು ಪುಟ, ಯಾವ ಮಾತಿನಲ್ಲಿ ಎಂದು ಓದಿ. 1923ರ ಗ್ರೀಕ್-ಟರ್ಕಿ ಜನವಿನಿಮಯ ಮತ್ತು ಕುರ್ದರ ವಿಷಯಕ್ಕೂ ಇದೇ ಪರೀಕ್ಷೆ. ಇವೆಲ್ಲವನ್ನೂ ಎರಡು ಸಾಲಿನಲ್ಲಿ ದಾಟಿದ ಪುಸ್ತಕವನ್ನು ಅಲ್ಲೇ ಇಡಿ. ಎರಿಕ್ ಯಾನ್ ಝ್ಯೂರ್ಖರ್ ಅವರ 'ಟರ್ಕಿ: ಎ ಮಾಡರ್ನ್ ಹಿಸ್ಟರಿ' ಒಳ್ಳೆಯ ಆಯ್ಕೆ, 2017ರ ನಾಲ್ಕನೇ ಆವೃತ್ತಿಯನ್ನೇ ಕೊಳ್ಳಿ, ಹಳೆಯದರಲ್ಲಿ ಎರ್ದೊಆನ್ ಕಾಲ ಅರ್ಧಕ್ಕೇ ನಿಂತಿದೆ. ಸೂಚಿಯಲ್ಲಿ ಹೆಸರು ಹುಡುಕುವಾಗ ಒಂದು ಮಾತು: ಟರ್ಕಿಯಲ್ಲಿ ಕುಟುಂಬನಾಮ ಕಡ್ಡಾಯವಾದದ್ದು 1934ರಲ್ಲಿ. ಅದಕ್ಕೂ ಹಿಂದಿನಿಂದ ಹೆಸರಾದವರು ಒಂದು ಪುಸ್ತಕದಲ್ಲಿ ಮೊದಲ ಹೆಸರಿನಡಿ, ಇನ್ನೊಂದರಲ್ಲಿ ಹೊಸ ಕುಟುಂಬನಾಮದಡಿ ಇರುತ್ತಾರೆ. ಮುಸ್ತಫಾ ಕೆಮಾಲ್ ಸಿಗದಿದ್ದರೆ ಅತಾತುರ್ಕ್ ಕೆಳಗೆ ನೋಡಿ.

ಇತಿಹಾಸವನ್ನು ಮನೆಯಲ್ಲೇ ಓದಿ ಮುಗಿಸಿ, ಬೇಕಾದ ನಕ್ಷೆಯ ಫೋಟೋ ತೆಗೆದುಕೊಂಡು, ಕಾದಂಬರಿ ಮತ್ತು ಕೈಪಿಡಿಯನ್ನಷ್ಟೇ ಒಯ್ಯಿರಿ. ಕೈಚೀಲಕ್ಕೆ 7 ಕೆ.ಜಿ. ಮಿತಿಯಿರುವಾಗ ಒಂದು ದಪ್ಪ ಪುಸ್ತಕವೇ ಮುಕ್ಕಾಲು ಕೆ.ಜಿ. ನುಂಗುತ್ತದೆ. ಬೆಯಾಜಿತ್ ಮಸೀದಿ ಪಕ್ಕದ ಹಳೆ ಪುಸ್ತಕಗಳ ಸಂತೆ ಸಹಾಫ್ಲಾರ್‌ಗೆ ಹೋಗಲು ಚೀಲದಲ್ಲಿ ಜಾಗ ಬಿಟ್ಟಿರಿ. ಅಲ್ಲಿ ಹಳೆಯ ಬರಹದ ಹಾಳೆಯ ಮೇಲೆ ಬಣ್ಣದ ಸುಲ್ತಾನರ ಚಿತ್ರ ತೋರಿಸಿ ಪುರಾತನದ್ದು ಎಂದರೆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ. ಅಕ್ಷರದ ಸಾಲುಗಳು ಬಣ್ಣದ ಕೆಳಗೂ ಹರಿದಿದ್ದರೆ, ಹಳೆಯ ಪುಸ್ತಕದಿಂದ ಕಿತ್ತ ಹಾಳೆಯ ಮೇಲೆ ಚಿತ್ರವನ್ನು ಆಮೇಲೆ ಬರೆದಿದ್ದಾರೆ ಎಂದರ್ಥ. ನಿಜಕ್ಕೂ ಪುರಾತನ ಹಸ್ತಪ್ರತಿಯಾದರೆ ಅದನ್ನು ದೇಶದಿಂದ ಹೊರಗೆ ಒಯ್ಯುವುದಕ್ಕೆ ಕಾನೂನಿನ ತಡೆಯಿದೆ, ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುವುದು ನೀವೇ. ಹೊಸದಾಗಿ ಅಚ್ಚಾದ ಪುಸ್ತಕವನ್ನೇ ಕೊಂಡು, ರಸೀದಿಯನ್ನು ಅದರೊಳಗೇ ಇಟ್ಟುಕೊಳ್ಳಿ.